ರಕ್ತದ ಸಕ್ಕರೆ ಮತ್ತು ಮೆಂತ್ಯ: ಚಿಟಿಕೆಯ ಲೆಕ್ಕ, ಗ್ರಾಮಿನ ಲೆಕ್ಕ

ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗುವ ಸಸ್ಯಗಳನ್ನು ಓದುವಾಗ ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಸಸ್ಯದ ಯಾವ ಅಂಶ ದೇಹದ ಯಾವ ಜಾಗದಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಎಷ್ಟು ಪ್ರಮಾಣ ಬೇಕು ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ವಿಷಯ ಬೇಗ ತಿಳಿಯಾಗುತ್ತದೆ. ಎರಡಕ್ಕೂ ಸಾಕಷ್ಟು ಸ್ಪಷ್ಟವಾದ ಉತ್ತರ ಸಿಗುವುದು ಮೆಂತ್ಯದಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಮೆಂತ್ಯಕಾಳಿನ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನಾರಿದೆ. ಅದರಲ್ಲಿ ಗ್ಯಾಲಕ್ಟೋಮನ್ನನ್ ಎಂಬ, ನೀರಿನಲ್ಲಿ ಕರಗುವ ನಾರು ಮುಖ್ಯವಾದದ್ದು. ರಾತ್ರಿ ನೆನೆಹಾಕಿದ ಕಾಳು ಬೆಳಿಗ್ಗೆ ಲೋಳೆಯಾಗಿರುವುದು ಇದರಿಂದಲೇ. ಈ ಲೋಳೆ ಆಹಾರದೊಡನೆ ಬೆರೆತಾಗ ಆಹಾರ ಜಠರದಿಂದ ಕೆಳಗಿಳಿಯುವುದು ನಿಧಾನವಾಗುತ್ತದೆ, ಪಿಷ್ಟ ಒಡೆದು ಹುಟ್ಟಿದ ಗ್ಲೂಕೋಸ್ ಕರುಳಿನ ಗೋಡೆಯನ್ನು ಮುಟ್ಟುವುದೂ ತಡವಾಗುತ್ತದೆ. ಹೀಗಾಗಿ ಮೆಂತ್ಯದ ಪರಿಣಾಮವನ್ನು ಮೊದಲು ಹುಡುಕಬೇಕಾದದ್ದು ಊಟದ ನಂತರದ ಸಕ್ಕರೆಯ ಏರಿಕೆಯಲ್ಲಿ. ನೆನೆಸಿದ ನೀರನ್ನು ಸೋಸಿ ಕುಡಿದು ಕಾಳನ್ನು ಎಸೆಯುವವರು ನಾರಿನ ಬಹುಪಾಲನ್ನೂ ಎಸೆಯುತ್ತಿದ್ದಾರೆ ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬಹುದು.

ಇನ್ನು ಪ್ರಮಾಣದ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದ, ಟೈಪ್ 1 ಮಧುಮೇಹಿಗಳ ಮೇಲಿನ ಅಧ್ಯಯನದಲ್ಲಿ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ, ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ಅರ್ಧರ್ಧ ಸೇರಿಸಿ, 10 ದಿನ ಕೊಡಲಾಗಿತ್ತು. 24 ಗಂಟೆಗಳ ಮೂತ್ರದಲ್ಲಿ ಹೋಗುವ ಗ್ಲೂಕೋಸ್ 54 ಶೇಕಡಾ ಇಳಿಯಿತು. ಫಲಿತಾಂಶ ದೊಡ್ಡದು, ಆದರೆ ರೋಗಿಗಳ ಸಂಖ್ಯೆ ಚಿಕ್ಕದು, ಪ್ರಮಾಣವಂತೂ ಯಾರ ಅಡುಗೆಮನೆಯಲ್ಲೂ ಕಾಣದಷ್ಟು. ಒಂದು ಟೀ ಚಮಚ ಮೆಂತ್ಯ ತೂಗುವುದು ಸುಮಾರು 4 ಗ್ರಾಂ. ದೋಸೆಯ ಅಕ್ಕಿಗೆ ಹಾಕುವುದೂ ಸಾರಿನ ಪುಡಿಗೆ ಹುರಿಯುವುದೂ ಇದೇ ಅಳತೆಯಲ್ಲಿ, ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆದ್ದರಿಂದ ಆ ಅಧ್ಯಯನವನ್ನು ಮುಂದಿಟ್ಟುಕೊಂಡು ಒಗ್ಗರಣೆಯ ಮೆಂತ್ಯವನ್ನು ಹೊಗಳುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಏಕನಾಯಕ ಎಂಬ ಔಷಧಿ ಬಳ್ಳಿ ಕೂಡ ಕರುಳಿನಲ್ಲೇ ಕೆಲಸ ಮಾಡುತ್ತದೆ, ಆದರೆ ದಾರಿ ಬೇರೆ. ಅದರ ಬೇರು ಮತ್ತು ಕಾಂಡದಲ್ಲಿರುವ ಸಲಾಸಿನಾಲ್, ಕೊಟಲನಾಲ್ ಎಂಬ ರಾಸಾಯನಿಕಗಳು ಪಿಷ್ಟವನ್ನೂ ಸಕ್ಕರೆಯನ್ನೂ ಕೊನೆಯ ಹಂತದಲ್ಲಿ ಒಡೆಯುವ ಆಲ್ಫಾ ಗ್ಲುಕೋಸಿಡೇಸ್ ಕಿಣ್ವಗಳನ್ನು ತಡೆಯುತ್ತವೆ. ಶ್ರೀಲಂಕಾದಲ್ಲಿ ಇದರ ಮರದಿಂದ ಲೋಟ ಕೊರೆದು, ರಾತ್ರಿಯಿಡೀ ಅದರಲ್ಲಿಟ್ಟ ನೀರನ್ನು ಮಧುಮೇಹಿಗಳು ಕುಡಿಯುವ ರೂಢಿಯಿದೆ. ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆ ತಡೆಯುವುದೂ ಇದೇ ಕಿಣ್ವಗಳನ್ನು. ಜೀರ್ಣವಾಗದ ಪಿಷ್ಟ ದೊಡ್ಡಕರುಳಿಗಿಳಿದು ಹುದುಗುವುದರಿಂದ ಹೊಟ್ಟೆಯುಬ್ಬರ ಎರಡರಲ್ಲೂ ಕಾಣುವಂಥದ್ದು.

ಮಧುನಾಶಿನಿಯ ಎಲೆಯನ್ನು ಅಗಿದರೆ ಅದರ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ಮುಚ್ಚುತ್ತವೆ, ಸಕ್ಕರೆ ಮರಳಿನಂತೆ ತೋರುತ್ತದೆ. ಇದು ರುಚಿಯ ಮೇಲಿನ ಪರಿಣಾಮ, ಇದನ್ನೇ ರಕ್ತದ ಮೇಲಿನ ಪರಿಣಾಮಕ್ಕೆ ಸಾಕ್ಷಿಯೆಂದು ಭಾವಿಸಬಾರದು. ಹಾಗಲಕಾಯಿಯಲ್ಲಿ ಸಕ್ಕರೆ ಇಳಿಸುತ್ತದೆನ್ನಲಾದ ಚರಾಂಟಿನ್ ಎಂಬ ಅಂಶ ಇದ್ದರೂ, ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಅದರ ಉಪಯೋಗಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ಹೇಳಿತು. ತರಕಾರಿಯಾಗಿ ಅದು ಒಳ್ಳೆಯದೇ, ಗೊಜ್ಜಿಗೆ ಬೀಳುವ ಬೆಲ್ಲದ ಲೆಕ್ಕವನ್ನು ಮರೆಯದಿದ್ದರೆ.

ಈ ಸಸ್ಯಗಳು ಮಾತ್ರೆಯ ಜೊತೆಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಓದಬೇಕು. ದೇಹದಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸಾಂದ್ರವಾದ ಸಸ್ಯಸಾರವನ್ನೂ ಸೇರಿಸಿದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯುವ ಅಪಾಯ ಹೆಚ್ಚುತ್ತದೆ. ಬೆವರು, ನಡುಕ, ತೀವ್ರ ಹಸಿವು ಅದರ ಸೂಚನೆಗಳು. ಆದ್ದರಿಂದ ವೈದ್ಯರಿಗೆ ತಿಳಿಸದೆ ಆರಂಭಿಸಬಾರದು, ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ತಾವಾಗಿಯೇ ಬಿಡಲೂಬಾರದು. ಅಕಾರ್ಬೋಸ್ ಸೇವಿಸುವವರಲ್ಲಿ ಸಕ್ಕರೆ ಹೀಗೆ ಇಳಿದಾಗ ಮನೆಯ ಸಕ್ಕರೆಯನ್ನು ಬಾಯಿಗೆ ಹಾಕಿದರೆ ಬೇಗ ಫಲ ಸಿಗುವುದಿಲ್ಲ, ಏಕೆಂದರೆ ಅದನ್ನು ಒಡೆಯುವ ಕಿಣ್ವವೇ ತಡೆಗೊಂಡಿರುತ್ತದೆ. ಕೊಡಬೇಕಾದದ್ದು ಗ್ಲೂಕೋಸ್ ಪುಡಿ. ಏಕನಾಯಕದ ಸಾರ ತೆಗೆದುಕೊಳ್ಳುವವರ ವಿಷಯದಲ್ಲೂ ಇದೇ ತರ್ಕವನ್ನು ಅನ್ವಯಿಸಿ, ಮನೆಯಲ್ಲಿ ಗ್ಲೂಕೋಸ್ ಪುಡಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು ಕ್ಷೇಮ.