ಮುಚ್ಚಿದ ಫೈಲು ಬಿಚ್ಚಿ ಓದಿದ ಡಾಕ್ಟರುಗಳು

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು ನಿಮ್ಮ ಕೇಸ್ ಶೀಟಿನಲ್ಲಿ ‘ಎಎಸ್‌ಎ 1’, ‘ಎಎಸ್‌ಎ 2’ ಅಂತ ಬರೆಯುತ್ತಾರೆ. ಬೇರೆ ಕಾಯಿಲೆ ಏನೂ ಇಲ್ಲದಿದ್ದರೆ 1. ಹತೋಟಿಯಲ್ಲಿರುವ ಬಿಪಿಯೋ ಶುಗರ್ರೋ ಇದ್ದರೆ 2. ಅದು ಯಾವುದೋ ರಕ್ತಪರೀಕ್ಷೆ ಅಂದುಕೊಂಡು, ‘ನನ್ನ ಎಎಸ್‌ಎ ಜಾಸ್ತಿ ಇದೆಯಾ ಡಾಕ್ಟ್ರೇ’ ಎಂದು ಕೇಳಿದವರಿದ್ದಾರೆ. ಅದು ಒಂದು ಸಂಘದ ಹೆಸರು, ಅಮೆರಿಕದ ಅರಿವಳಿಕೆ ತಜ್ಞರ ಸಂಘದ್ದು. 1941ರಲ್ಲಿ ಆ ಸಂಘದವರು ಲೆಕ್ಕ ಇಡಲು ಅನುಕೂಲವಾಗಲಿ ಅಂತ ಮಾಡಿಕೊಂಡ ಅಂಕಿಯನ್ನು ನಾನು ದಿನಾ ಬರೆಯುತ್ತೇನೆ.

ಅದೇ ಸಂಘ 1905ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಶುರುವಾದಾಗ ಇದ್ದವರು 9 ಜನ ವೈದ್ಯರು. ವರ್ಷಕ್ಕೆ 1 ಡಾಲರ್ ಚಂದಾ. ಲಂಡನ್ನಿನಲ್ಲಿ 1893ರಲ್ಲೇ ಒಂದು ಸಂಘ ಹುಟ್ಟಿತ್ತು. ಮೂಸಿದರೆ ಎಚ್ಚರ ತಪ್ಪುವ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದು ಅದಕ್ಕೂ ಮೊದಲು, 1846ರಲ್ಲಿ. ಆಮೇಲೆ ಎರಡು ವರ್ಷವಾಗುವುದರೊಳಗೆ ಇಂಗ್ಲೆಂಡಿನಲ್ಲಿ, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಮಲಗಿದ 15 ವರ್ಷದ ಹುಡುಗಿಯೊಬ್ಬಳು ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಅಪಾಯ ಗೊತ್ತಾಗಿತ್ತು. ಆದರೂ ಎಷ್ಟೋ ವರ್ಷ, ಆ ಹೊತ್ತಿಗೆ ಕೈ ಖಾಲಿ ಇದ್ದವರೇ ಅರಿವಳಿಕೆ ಕೊಡುತ್ತಿದ್ದರು. ಕಿರಿಯ ಡಾಕ್ಟರು, ಕೆಲವೊಮ್ಮೆ ವಿದ್ಯಾರ್ಥಿ. ಇದೂ ಒಂದು ವಿದ್ಯೆ, ಇದಕ್ಕೂ ಬೇರೆ ತರಬೇತಿ ಬೇಕು ಅಂತ ಹೇಳಲು ಒಂದು ಗುಂಪು ಬೇಕಿತ್ತು.

ಆಮೇಲಿನದು ಎಲ್ಲ ತಜ್ಞರ ಸಂಘಗಳ ಕತೆಯೇ. ಪತ್ರಿಕೆ, ಪರೀಕ್ಷೆ, ಪದವಿ, ವಾರ್ಷಿಕ ಸಮ್ಮೇಳನ. ಸಮ್ಮೇಳನದಲ್ಲಿ ಔಷಧ ಕಂಪನಿಯವರು ಕೊಡುವ ಬ್ಯಾಗು. ನನ್ನ ಮನೆಯಲ್ಲೂ ಒಂದು ಕಪಾಟು ತುಂಬ ಇವೆ, ಸುಳ್ಳು ಹೇಳುವುದಿಲ್ಲ. ಇಷ್ಟಕ್ಕೇ ನಿಂತರೆ ಅದು ನಮ್ಮ ನಮ್ಮ ಅನುಕೂಲ ನೋಡಿಕೊಳ್ಳುವ ಕೂಟ ಅಷ್ಟೇ. ಬ್ಯಾಗು ಹಿಡಿದುಕೊಂಡ ಡಾಕ್ಟರಿಂದ ರೋಗಿಗೆ ಏನು ಬಂತು?

1980ರ ದಶಕದಲ್ಲಿ ಈ ಸಂಘ ಮಾಡಿದ ಕೆಲಸ ಬೇರೆ ಥರದ್ದು. ಆಗ ಅಮೆರಿಕದಲ್ಲಿ ಅರಿವಳಿಕೆ ತಜ್ಞರ ಮೇಲೆ ಬೀಳುತ್ತಿದ್ದ ಪರಿಹಾರದ ದಾವೆಗಳು ದುಬಾರಿ, ವಿಮೆಯ ಕಂತೂ ದುಬಾರಿ. ಕಾನೂನು ಬದಲಾಯಿಸಿ ಅಂತ ಕೂಗಾಡಬಹುದಿತ್ತು. ಇವರು ವಿಮಾ ಕಂಪನಿಗಳಿಗೆ ಹೋಗಿ, ಇತ್ಯರ್ಥವಾಗಿ ಮುಚ್ಚಿಹೋದ ಕೇಸುಗಳ ಫೈಲು ತೆಗೆಸಿ ಓದಲು ಕೂತರು. ತಮ್ಮವರದೇ ತಪ್ಪು, ಒಂದೊಂದಾಗಿ.

ಏನು ಸಿಕ್ಕಿತು ಗೊತ್ತಾ? ದೊಡ್ಡ ಅನಾಹುತಗಳಲ್ಲಿ ಬಹಳಷ್ಟು ಉಸಿರಾಟದವು. ಒಂದು ನಮೂನೆ ಮತ್ತೆ ಮತ್ತೆ ಬಂತು. ಉಸಿರುನಾಳಕ್ಕೆ ಹೋಗಬೇಕಾದ ಕೊಳವೆ ಅನ್ನನಾಳಕ್ಕೆ ಹೋಗಿದೆ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ದಾರೆ, ಸದ್ದು ಸರಿಯಾಗಿದೆ ಅನಿಸಿದೆ. ಹೊಟ್ಟೆಗೆ ಹೋದ ಗಾಳಿಯ ಸದ್ದು ಎದೆಯಲ್ಲೂ ಕೇಳಿಸುತ್ತದೆ, ಅದೇ ಮೋಸ. ನಾವೆಲ್ಲ ನಮ್ಮ ಕಿವಿಯನ್ನು ಎಷ್ಟು ನಂಬುತ್ತೇವೆ ಅಲ್ವಾ? ಉಸಿರು ಬಿಟ್ಟಾಗ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯುವ ಯಂತ್ರಕ್ಕೆ ಈ ಮೋಸ ಸುಲಭಕ್ಕೆ ಆಗುವುದಿಲ್ಲ.

1986ರಲ್ಲಿ ಸಂಘ ತನ್ನ ಸದಸ್ಯರಿಗೇ ನಿಯಮ ಹಾಕಿತು. ಅರಿವಳಿಕೆ ಶುರುವಾದಾಗಿನಿಂದ ಮುಗಿಯುವ ತನಕ ತರಬೇತಿ ಪಡೆದವರು ಕೋಣೆ ಬಿಟ್ಟು ಹೋಗಬಾರದು. ಬಿಪಿ, ನಾಡಿ 5 ನಿಮಿಷಕ್ಕೊಮ್ಮೆಯಾದರೂ ನೋಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಕಾರ್ಬನ್ ಡೈಆಕ್ಸೈಡ್ ಅಳತೆ ಕೆಲವೇ ವರ್ಷಗಳಲ್ಲಿ ಕಡ್ಡಾಯವಾದವು. ಕೊನೆಗೆ ವಿಮೆಯ ಕಂತೂ ಇಳಿಯಿತು.

ಇಂಥ ನಿಯಮ ಬಂದಾಗಲೆಲ್ಲ ನಮ್ಮಲ್ಲಿ ಒಂದೇ ತಕರಾರು: ‘ನಮ್ಮ ಕೈ ಕಟ್ಟಿಹಾಕುತ್ತೀರಿ, ವಕೀಲರ ಕೈಗೆ ಕೋಲು ಕೊಡುತ್ತೀರಿ.’ ಭಯ ಸುಳ್ಳಲ್ಲ. ನಾವೂ ಒಟ್ಟಿಗೆ ಕೂತು ನಮ್ಮ ತಪ್ಪು ಹೇಳಿಕೊಳ್ಳೋಣ ಅಂದರೂ ಅದೇ ಭಯ. ಹೆಸರು ಹೊರಬರುವುದಿಲ್ಲ ಅನ್ನುವ ಭರವಸೆ ಇಲ್ಲದೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ತಪ್ಪು ಹೇಳಿಕೊಳ್ಳುವ ಸಭೆಗೆ ರೋಗಿಯ ಹೆಸರು, ಆಸ್ಪತ್ರೆಯ ಹೆಸರು ತರಬಾರದು. ಶಿಸ್ತು ಕ್ರಮದ ಸಮಿತಿಯಲ್ಲಿರುವವರು ಈ ಸಭೆ ನಡೆಸಲೂ ಬಾರದು. ಎರಡನ್ನೂ ಒಬ್ಬರ ಕೈಗೆ ಕೊಟ್ಟರೆ ಎರಡೂ ಕೆಡುತ್ತವೆ.

ನಾನು ನಮ್ಮ ಸಂಘದ ಕಾರ್ಯದರ್ಶಿ ಆಗಿದ್ದಾಗ ಇಂಥದೊಂದು ಸಭೆ ಇಟ್ಟೆ. ‘ಯಾರಾದರೂ ಒಂದು ಕೇಸು ಹೇಳಿ’ ಎಂದೆ. ಎಲ್ಲರೂ ಸುಮ್ನೆ ಕೂತರು. ಒಬ್ಬರು ಫೋನ್ ನೋಡಿದರು, ಇನ್ನೊಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಕೊನೆಗೆ ಹಿಂದಿನ ಸಾಲಿನಿಂದ, ನಮಗೆಲ್ಲ ಪಾಠ ಹೇಳಿದ್ದ ಹಿರಿಯರು ಎದ್ದರು. ‘ಒಂದೇ ಥರ ಕಾಣುವ ಎರಡು ಇಂಜೆಕ್ಷನ್ ಆಂಪೂಲ್ ಇದ್ದವು. ಲೇಬಲ್ ಓದದೆ ಒಡೆದೆ’ ಎಂದರು. ರೋಗಿ ಉಳಿದಿದ್ದರು. ಅವರು ಕೂರುವ ಮುಂಚೆ ಮೂರು ಕೈ ಮೇಲೆದ್ದವು. ಮೂರರಲ್ಲಿ ಎರಡು ಅದೇ ಆಂಪೂಲಿನ ಕತೆ.

ಮುಂದಿನ ಸಭೆಯಲ್ಲಿ ಈ ವಿಷಯವನ್ನು ಊಟ ಆದ ಮೇಲೆ ಇಟ್ಟಿದ್ದೆ. ಅರ್ಧ ಜನ ಊಟ ಮುಗಿಸಿ ಹೊರಟೇಹೋದರು. ಈಗ ಊಟಕ್ಕೆ ಮೊದಲು ಇಡುತ್ತೇವೆ.