ಕನ್ನಡದಲ್ಲೇ ಇಮೇಲ್ ವಿಳಾಸ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ನನ್ನ ಇಮೇಲ್ ವಿಳಾಸವನ್ನು ಕನ್ನಡ ಲಿಪಿಯಲ್ಲೇ ಬರೆದರೆ ಮೇಲ್ ಬರುತ್ತದಾ? ಅದನ್ನು ಒತ್ತಿದರೆ ತೆರೆಯುವ ಲಿಂಕ್ ಮಾಡಬಹುದಾ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಕುಂಬಳೆಯಲ್ಲಿ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ, ನೋಟೀಸು, ಆನ್‌ಲೈನ್ ಅರ್ಜಿ ಅಂತ ದಿನ ಕಳೆಯುವವನು ನಾನು. ಯಾರ ವಿಸಿಟಿಂಗ್ ಕಾರ್ಡ್ ಮಾಡಿದರೂ ಕೊನೆಗೆ ಇದೇ ಮಾತು ಬರುತ್ತದೆ. ಹಾಗಾಗಿ ಒಮ್ಮೆ ಬರೆದಿಡುತ್ತೇನೆ.

ಇಟ್ಟುಕೊಳ್ಳಬಹುದು. @ ಚಿಹ್ನೆಯ ಎಡಕ್ಕೂ ಕನ್ನಡ, ಬಲಕ್ಕೂ ಕನ್ನಡ. ಅದಕ್ಕೆ ಬೇಕಾದ ನಿಯಮ 2012ರಲ್ಲೇ ಆಗಿದೆ. ಬಲಬದಿಗೆ ಡಾಟ್ ಭಾರತ ಅಂತ ಕನ್ನಡದಲ್ಲೇ ಬರೆಯುವ ಡೊಮೈನ್ ಕೂಡ ಇದೆ. ಆದರೆ ಈಗ ನಿಮ್ಮ ಹತ್ತಿರ ಇರುವ ಇಂಗ್ಲಿಷ್ ವಿಳಾಸವನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಅದು ನಿಮ್ಮ ವಿಳಾಸ ಅಲ್ಲ. ಬೇರೆಯೇ ವಿಳಾಸ.

ಇಲ್ಲೇ ಎಲ್ಲರೂ ಜಗಳಕ್ಕೆ ನಿಲ್ಲುವುದು. ನಮ್ಮ ಅಂಗಡಿಗೆ ಬರುವ ನಿವೃತ್ತ ಮಾಷ್ಟ್ರೊಬ್ಬರು ಇದ್ದಾರೆ. "ಅಲ್ಲ ಮಾರಾಯ, ಕಂಪ್ಯೂಟರಿಗೆ ಗೊತ್ತಿರೋದು ಇಂಗ್ಲಿಷ್ ಮಾತ್ರ. ನಾವು ಕನ್ನಡದಲ್ಲಿ ಬರೆದರೆ ಅದು ಒಳಗೆ ಇಂಗ್ಲಿಷ್ ಮಾಡಿಕೊಳ್ತದೆ" ಅನ್ನುತ್ತಾರೆ. ನಾನು ಕೇಳಿದೆ: "ಮಾಷ್ಟ್ರೇ, ಮಾಡಿಕೊಳ್ಳಲಿ. ಕುಂಬಳೆ ಅನ್ನುವುದನ್ನು ಏನಂತ ಮಾಡಿಕೊಳ್ಳಬೇಕು?" ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ 'ಎ' ಅಕ್ಷರ. ಅದೇ ಅನಿಲ್ ಕುಂಬ್ಳೆ ಅವರ ಹೆಸರಿನ ಕೊನೆಗೆ 'ಇ' ಅಕ್ಷರ. ಮಂಜೇಶ್ವರಕ್ಕೆ ಕೆಲವು ಕಡತದಲ್ಲಿ ಬಾಲಕ್ಕೊಂದು 'ಎಮ್' ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ನಾವೇ ಒಂದು ತೀರ್ಮಾನಕ್ಕೆ ಬಾರದ ಕಾಗುಣಿತವನ್ನು ಯಂತ್ರ ಹೇಗೆ ಊಹಿಸಬೇಕು? ಅದು ಊಹಿಸುವುದಿಲ್ಲ. ಅದಕ್ಕೆ ಉಚ್ಚಾರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಕನ್ನಡದ ಕ ಒಂದು ಸಂಖ್ಯೆ, ಇಂಗ್ಲಿಷಿನ ಕೆ ಇನ್ನೊಂದು. ಎರಡಕ್ಕೂ ನಂಟಿಲ್ಲ.

ಆದರೂ ಈ ನಂಬಿಕೆ ಗಾಳಿಯಿಂದ ಬಂದದ್ದಲ್ಲ. ಅರ್ಧ ನಿಜ ಇದೆ, ಅದಕ್ಕೇ ಸಾಯುವುದಿಲ್ಲ. @ ಚಿಹ್ನೆಯ ಬಲಕ್ಕಿರುವ ಡೊಮೈನನ್ನು ನಿಜವಾಗಿಯೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಬದಲಿಸುತ್ತಾರೆ. ಅದರ ಹೆಸರು ಪ್ಯೂನಿಕೋಡ್, 2003ರದ್ದು. ಕನ್ನಡದ 'ಭಾರತ' ಅಲ್ಲಿ ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ ಆಗುತ್ತದೆ. ಅದರಲ್ಲಿ ಭಾರತದ ಸದ್ದು ಎಲ್ಲಾದರೂ ಕೇಳಿತಾ? ಅದು ಅನುವಾದವೂ ಅಲ್ಲ, ಲಿಪ್ಯಂತರವೂ ಅಲ್ಲ, ಸುಮ್ನೆ ಸಂಖ್ಯೆಗಳ ಲೆಕ್ಕ.

ಎಡಬದಿಗೆ ಈ ಲೆಕ್ಕವೂ ಇಲ್ಲ. ಯಾಕೆ ಅಂದರೆ, ಕಾಗದದ ಮೇಲೆ 671321 ಅಂತ ಬರೆದರೆ ಕುಂಬಳೆಯವರೆಗೆ ಯಾರು ಬೇಕಾದರೂ ತಲುಪಿಸುತ್ತಾರೆ. ಮನೆ ಹೆಸರು ಗೊತ್ತಿರುವುದು ಇಲ್ಲಿನ ಪೋಸ್ಟ್‌ಮ್ಯಾನ್‌ಗೆ ಮಾತ್ರ. ದಾರಿಯಲ್ಲಿ ಯಾರೋ ಮನೆ ಹೆಸರನ್ನು ತಿದ್ದಿದರೆ ಕಾಗದ ಹೋದ ಹಾಗೆಯೇ. ಇಮೇಲಿನಲ್ಲೂ ಅದೇ ಕಟ್ಟುನಿಟ್ಟು: ಎಡಬದಿಯ ಅರ್ಥ ಮಾಡುವ ಹಕ್ಕು ಮೇಲ್ ಸೇರಬೇಕಾದ ಸರ್ವರ್‌ಗೆ (ಮೇಲ್ ತೆಗೆದುಕೊಂಡು ಇಡುವ ಕಂಪ್ಯೂಟರಿಗೆ) ಮಾತ್ರ. ನಡುವಿನವರು ಮುಟ್ಟುವ ಹಾಗಿಲ್ಲ. ಆದ್ದರಿಂದ ಕನ್ನಡ ಕನ್ನಡವಾಗಿಯೇ ಹೋಗಬೇಕು. ಕಳಿಸುವ ಸರ್ವರ್ ಮೊದಲು ಎದುರಿನ ಸರ್ವರ್ ಅನ್ನು ಮಾತಾಡಿಸುತ್ತದೆ. ಅದು ತನಗೆ ಏನೇನು ಬರುತ್ತದೆ ಅಂತ ಪಟ್ಟಿ ಹೇಳುತ್ತದೆ. ಆ ಪಟ್ಟಿಯಲ್ಲಿ ಎಸ್‌ಎಂಟಿಪಿ ಯುಟಿಎಫ್8 (ಇಂಗ್ಲಿಷ್ ಅಲ್ಲದ ಅಕ್ಷರದ ವಿಳಾಸವೂ ನನಗೆ ಆಗುತ್ತದೆ ಅನ್ನುವ ಗುರುತು) ಇದ್ದರೆ ಮೇಲ್ ಮುಂದಕ್ಕೆ, ಇಲ್ಲದಿದ್ದರೆ ವಾಪಸ್. 2008ರ ಪ್ರಾಯೋಗಿಕ ನಿಯಮದಲ್ಲಿ, ಆಗದಿದ್ದರೆ ಜೊತೆಗೆ ಕೊಟ್ಟ ಇಂಗ್ಲಿಷ್ ವಿಳಾಸಕ್ಕೆ ದಾರಿಯಲ್ಲೇ ಬದಲಿಸುವ ಉಪಾಯ ಇತ್ತು. ಅದು ಗೋಜಲು ಅಂತ 2012ರಲ್ಲಿ ಕೈಬಿಟ್ಟರು. ಮಾಷ್ಟ್ರು ಹೇಳುವುದಕ್ಕೆ ತೀರಾ ಹತ್ತಿರ ಬಂದದ್ದು ಅದೊಂದೇ. ಅದೂ ಹೋಯಿತು.

ಜಿಮೇಲ್ 2014ರ ಆಗಸ್ಟಿನಿಂದ ಇಂಥ ವಿಳಾಸಗಳಿಗೆ ಮೇಲ್ ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ತೆಗೆದುಕೊಳ್ಳುತ್ತದೆ. ಆದರೆ ಜಿಮೇಲಿನಲ್ಲೇ ಕನ್ನಡ ಹೆಸರಿನ ಖಾತೆ ತೆರೆಯಲು ಬರುವುದಿಲ್ಲ.

ಲಿಂಕ್ ವಿಷಯ. ಪುಟದಲ್ಲಿ ವಿಳಾಸವನ್ನು ಲಿಂಕ್ ಮಾಡಿದಾಗ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆಯ ವೇಷ ಹಾಕಿಕೊಳ್ಳುತ್ತವೆ. ಕ ಒಂದೇ %ಇ0%ಬಿ2%95 ಆಗುತ್ತದೆ (ಇ, ಬಿ ಇಂಗ್ಲಿಷ್ ಅಕ್ಷರ ಅಂತ ಓದಿಕೊಳ್ಳಿ). ಕುಂಬಳೆ ಕಣ್ಣಿಗೆ ಮೂರಕ್ಷರ. ಕೊಂಬು, ಸೊನ್ನೆ, ಎತ್ವ ಬಿಡಿಸಿದರೆ ಆರು. ಒಂದೊಂದಕ್ಕೆ ಮೂರು ಬೈಟ್ (ಕಂಪ್ಯೂಟರ್ ಮಾಹಿತಿ ಅಳೆಯುವ ತುಣುಕು), ಒಟ್ಟು 18. ಲಿಂಕಿನಲ್ಲಿ ಒಂದು ಬೈಟಿಗೆ ಮೂರು ಚಿಹ್ನೆ, ಹಾಗಾಗಿ ಅದು 54 ಚಿಹ್ನೆಗಳ ಗೂಡ್ಸ್ ರೈಲು. ಹೆದರಬೇಡಿ, ಒತ್ತಿದಾಗ ಮೇಲ್ ಆಪ್ ಅದನ್ನು ಬಿಡಿಸಿ ಮತ್ತೆ ಕುಂಬಳೆ ಅಂತಲೇ ತೋರಿಸಬೇಕು.

ನಾನು ಒಮ್ಮೆ ಜಾಣತನ ತೋರಿಸಿ ಆ ರೈಲನ್ನೇ ಕಾಪಿ ಮಾಡಿ ಮೇಲಿನ 'ಯಾರಿಗೆ' ಅನ್ನುವ ಜಾಗದಲ್ಲಿ ಅಂಟಿಸಿದ್ದೆ. ತಪ್ಪು ಅಂತ ಯಾರೂ ಹೇಳಲಿಲ್ಲ. ಯಾಕೆಂದರೆ ವಿಳಾಸದ ಎಡಬದಿಯಲ್ಲಿ ಶೇಕಡಾ ಚಿಹ್ನೆಗೆ ಅವಕಾಶ ಇದೆ! ಮೇಲ್ ಆ ವಿಚಿತ್ರ ಹೆಸರಿನವರನ್ನು ಹುಡುಕಿಕೊಂಡು ಹೋಯಿತು, ಸಿಗದೆ ಮರುದಿನ ವಾಪಸ್ ಬಂತು. ಆ ವೇಷ ಲಿಂಕಿಗೆ ಮಾತ್ರ.

ಇನ್ನು ಅರ್ಜಿ ಫಾರಂಗಳು. ಎಷ್ಟೋ ಕಡೆ ಎಡಬದಿಯಲ್ಲಿ ಕನ್ನಡ ಕಂಡ ಕೂಡಲೇ 'ಸರಿಯಾದ ಇಮೇಲ್ ಕೊಡಿ' ಅಂತ ಕೆಂಪಕ್ಷರ ಬರುತ್ತದೆ. ವಿಳಾಸದ ತಪ್ಪಲ್ಲ, ಫಾರಂ ಬರೆದವರು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ನೆನೆಸಿಕೊಂಡಿಲ್ಲ. ಅದಕ್ಕೇ ನಾನು ಹೇಳುವುದು: ಕನ್ನಡ ವಿಳಾಸ ಕೊಡುವವರ ಹತ್ತಿರ ಒಂದು ಇಂಗ್ಲಿಷ್ ವಿಳಾಸವನ್ನೂ ಅದೇ ಪೆಟ್ಟಿಗೆಗೆ ಜೋಡಿಸಿಕೊಡಿ ಅಂತ ಕೇಳಿ. ಆಗ ಎರಡೂ ಒಂದೇ ಕಡೆ ಬರುತ್ತವೆ, ಯಾರೋ ಕೂತು ಜೋಡಿಸಿದ್ದರಿಂದ. ತಾನಾಗಿ ಅಲ್ಲ, ಮಾಷ್ಟ್ರೇ.

ಹೆಸರು ಜಾಸ್ತಿ ಉದ್ದ ಇಡಬೇಡಿ. ಎಡಬದಿಗೆ 64 ಬೈಟ್ ಮಿತಿ, ಅಂದರೆ ಕನ್ನಡದಲ್ಲಿ 21 ಸಂಕೇತ. ಒತ್ತು, ಗುಣಿತ, ಸೊನ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮನೆ ಹೆಸರು, ಅಪ್ಪನ ಹೆಸರು, ಜಾತಿ ಹೆಸರು ಎಲ್ಲ ಸೇರಿಸಿದರೆ ಹಿಡಿಸುವುದಿಲ್ಲ.

ಹಾಗಾದರೆ ತುಳು ಲಿಪಿಯಲ್ಲಿ? ಇದನ್ನು ಯಾರೂ ಕೇಳಿಲ್ಲ, ಆದರೆ ನಮ್ಮ ಊರಿನಲ್ಲಿ ಇವತ್ತಲ್ಲ ನಾಳೆ ಕೇಳುತ್ತಾರೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿ) 16ನೇ ಆವೃತ್ತಿಗೆ ಸೇರಿತು. ಅಲ್ಲಿ ಒಂದೊಂದು ಸಂಕೇತಕ್ಕೆ ಮೂರಲ್ಲ, ನಾಲ್ಕು ಬೈಟ್. 21 ಇದ್ದದ್ದು 16ಕ್ಕೆ ಇಳಿಯುತ್ತದೆ. ಮೊನ್ನೆ ಅದರ ಒಂದು ಅಕ್ಷರವನ್ನು ನನ್ನ ಫೋನಿಗೆ ಹಾಕಿ ನೋಡಿದೆ. ಖಾಲಿ ಚೌಕ ಕಾಣಿಸಿತು. ಮಾಷ್ಟ್ರಿಗೆ ತೋರಿಸಿದರೆ, "ಇದು ಯಾವ ಅಕ್ಷರ?" ಅಂತ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.