ಮನಾಲಿಯಲ್ಲಿ ಬಾಯಿಬಿಟ್ಟ ಉಲಿಯಕ್ಕಿ

ಚಳಿಗಾಲದಲ್ಲಿ ಬೆಂಗಳೂರಿನ ದೊಡ್ಡ ಮರಗಳ ಕೆಳಗೆ ಸುಮ್ಮನೆ ನಿಂತರೆ ‘ಚಿಸ್ವೀ’ ಎಂಬ ಚೂಪು ದನಿ ಕೇಳುತ್ತದೆ. ಅದು ಗ್ರೀನಿಷ್ ವಾರ್ಬ್ಲರ್, ಎಲೆಬಣ್ಣದ ಪುಟ್ಟ ಉಲಿಯಕ್ಕಿ. ತೂಕ ಹೆಚ್ಚುಕಮ್ಮಿ ಹತ್ತು ರೂಪಾಯಿಯ ಒಂದು ನಾಣ್ಯದಷ್ಟು. ಎಲೆಗಳ ನಡುವೆ ಹುಳ ಹೆಕ್ಕುತ್ತ ಒಂದು ಕ್ಷಣವೂ ನಿಲ್ಲದ ಇದನ್ನು ದುರ್ಬೀನಿನಲ್ಲಿ ಹಿಡಿಯಲು ಹೋಗಿ ಕತ್ತು ನೋಯಿಸಿಕೊಂಡಿದ್ದೇ ಬಂತು. ಆ ‘ಚಿಸ್ವೀ’ ಕೂಡ ಹಾಡಲ್ಲ, ‘ಈ ಮರ ನನ್ನದು, ಅತ್ತ ಹೋಗು’ ಎಂಬ ತಕರಾರು. ಇಲ್ಲಿರುವಷ್ಟು ಕಾಲ ಒಂದೊಂದು ಹಕ್ಕಿಯೂ ತನ್ನ ಜಾಗವನ್ನು ಕಾಯ್ದುಕೊಂಡು ಒಂಟಿಯಾಗಿ ಬದುಕುತ್ತದೆ.

ಜೂನ್ ತಿಂಗಳಲ್ಲಿ ಮನಾಲಿಗೆ ಹೋದಾಗ ಜೊತೆಗಿದ್ದವರೆಲ್ಲ ಹಿಮ ನೋಡಲು ಹೊರಟರು. ನಾನು ದೇವದಾರು ಮರಗಳ ಕೆಳಗೇ ಉಳಿದೆ. ಬೆಳಗಿನ ಐದಕ್ಕೆಲ್ಲ ಬೆಳಕು ಹರಿದು, ಮೇಲಿನ ಕೊಂಬೆಯಿಂದ ಚುರುಕಾದ ಹಾಡೊಂದು ಉದುರತೊಡಗಿತು. ಅದೇ ಉಲಿಯಕ್ಕಿ! ಮರಿ ಮಾಡುವ ಕಾಲ ಬಂದಿತ್ತು; ಹೆಣ್ಣನ್ನು ಕರೆಯಬೇಕು, ಬೇರೆ ಗಂಡನ್ನು ದೂರ ಇಡಬೇಕು.

ಈ ಹಾಡಿನ ಹಿಂದೆ ದೊಡ್ಡ ಕಥೆಯೇ ಇದೆ. ಉಲಿಯಕ್ಕಿಗೆ ಮರ ಬೇಕು, ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಮರವಿಲ್ಲ. ಹಾಗಾಗಿ ಅದರ ಸಂಸಾರ ಆ ಬಯಲನ್ನು ಬಳಸಿಕೊಂಡು ಹಬ್ಬಿದೆ: ಹಿಮಾಲಯದಿಂದ ಒಂದು ಕವಲು ಪಶ್ಚಿಮಕ್ಕೆ ಹೋಗಿ ಮಧ್ಯ ಏಷ್ಯಾದ ಮೂಲಕ ಸೈಬೀರಿಯಾಕ್ಕೆ, ಇನ್ನೊಂದು ಪೂರ್ವಕ್ಕೆ ಹೋಗಿ ಚೀನಾದ ಮೂಲಕ ಅಲ್ಲಿಗೇ. ಜೀವವಿಜ್ಞಾನಿ ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು ಈ ಉಂಗುರದುದ್ದಕ್ಕೂ ಹಾಡುಗಳನ್ನು ಧ್ವನಿಮುದ್ರಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಮಾಲಯದ ಹಾಡು ಚಿಕ್ಕದು, ಸರಳ. ಉತ್ತರಕ್ಕೆ ಹೋದಂತೆ ಎರಡೂ ಕವಲುಗಳಲ್ಲಿ ಹಾಡು ಉದ್ದವಾಗುತ್ತದೆ, ಜಟಿಲವಾಗುತ್ತದೆ. ಆದರೆ ಎರಡೂ ಒಂದೇ ರೀತಿ ಅಲ್ಲ. ಅಕ್ಕಪಕ್ಕದ ನೆಲೆಗಳ ಹಾಡುಗಳಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದು. ಸೈಬೀರಿಯಾದಲ್ಲಿ ಎರಡು ತುದಿಗಳು ಎದುರಾಗುವ ಹೊತ್ತಿಗೆ ಮಾತ್ರ ಒಂದರ ಹಾಡು ಇನ್ನೊಂದಕ್ಕೆ ಅರ್ಥವಾಗದಷ್ಟು ಬೇರೆ. ಅಲ್ಲಿ ಗಂಡುಹಕ್ಕಿಗೆ ಆಚೆ ಬಣದ ಹಾಡು ಕೇಳಿಸಿದರೆ, ಯಾರೋ ಏನೋ ಎಂದುಕೊಂಡು ತನ್ನ ಪಾಡಿಗಿರುತ್ತದೆ. ಎರಡೂ ಜೋಡಿಯಾಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ.

ಒಂದು ಪ್ರಭೇದ ಎರಡಾಗುವುದನ್ನು ಹೀಗೆ ಭೂಪಟದ ಮೇಲೆ ಬೆರಳಿಟ್ಟು ತೋರಿಸಬಹುದು ಎಂದು ವಿಜ್ಞಾನಿಗಳು ಸಂಭ್ರಮಿಸಿದರು. 2014ರಲ್ಲಿ ಡಿಎನ್‌ಎಯನ್ನು ಕೂಲಂಕಷವಾಗಿ ನೋಡಿದಾಗ ಉಂಗುರ ಅಷ್ಟು ನುಣುಪಾಗಿಲ್ಲ ಎಂದೂ ಗೊತ್ತಾಯಿತು: ಹಿಂದೆ ಅಲ್ಲಲ್ಲಿ ಅದು ತುಂಡಾಗಿ, ಬೇರೆಯಾದ ಗುಂಪುಗಳು ಮತ್ತೆ ಬೆರೆತಿವೆ. ನನಗೇನೋ ಈ ಗಂಟುಗಂಟಿನ ಕಥೆಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇನ್ನೊಂದು ಮಾತು. ಮೊಬೈಲಿನಲ್ಲಿ ಹಾಡು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಚಟ ಈಗ ಬೆಟ್ಟಗಳಲ್ಲೂ ಕಾಣುತ್ತದೆ. ಸಂಶೋಧಕರು ಅಳೆದು ಸುರಿದು ಮಾಡುವ ಪ್ರಯೋಗ ಅದು. ಗೂಡಿರುವ ಕಾಲದಲ್ಲಿ ನಾವು ಹಾಗೆ ಮಾಡಿದರೆ ಗಂಡುಹಕ್ಕಿ ಇಲ್ಲದ ಶತ್ರುವನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಹಾರಿ ಸುಸ್ತಾಗುತ್ತದೆ. ನಾನು ಮೊಬೈಲನ್ನು ಜೇಬಿನಲ್ಲೇ ಬಿಟ್ಟು ಕಾದೆ. ಮುಕ್ಕಾಲು ಗಂಟೆಯ ನಂತರ ಅದು ಕೆಳಗಿನ ಕೊಂಬೆಗೆ ಇಳಿಯಿತು. ಕಣ್ಣ ಮೇಲಿನ ತಿಳಿಹಳದಿ ಹುಬ್ಬು, ರೆಕ್ಕೆಯ ಮೇಲಿನ ಒಂದೇ ಒಂದು ಮಸುಕು ಪಟ್ಟಿ, ಎರಡನ್ನೂ ನೋಡಿದೆ.